ಪಲ್ಸ್ ಬಂತು, ಆದರೆ ಯಾರಿಂದ ಬಂತು? ನ್ಯಾನೋಟ್ಯೂಬ್ ಫಿಲ್ಮ್ ಹಾಕಿ ಫೈಬರ್ ಲೇಸರ್ ಕಟ್ಟುವ ಸಮಗ್ರ ಮಾರ್ಗದರ್ಶಿ

ಮೊದಲ ಸಲ ಆಸಿಲೋಸ್ಕೋಪಿನಲ್ಲಿ ಪಲ್ಸ್‌ಗಳ ಸಾಲು ಕಂಡ ದಿನ ನಾವು ಲ್ಯಾಬಿನ ನಾಲ್ಕೂ ಜನ ಬೀಗ ಹಾಕಿಕೊಂಡು ಚಿಕ್ಕಬಳ್ಳಾಪುರ ಬಸ್ ಸ್ಟ್ಯಾಂಡ್ ಕಡೆ ಹೋಗಿ ಮಸಾಲೆ ದೋಸೆ ತಿಂದು ಬಂದೆವು. ನಾವೇ ಮಾಡಿದ ಕಾರ್ಬನ್ ನ್ಯಾನೋಟ್ಯೂಬ್ ಫಿಲ್ಮ್ ಕೆಲಸ ಮಾಡಿತು ಅಂತ ಖುಷಿ. ಒಂದು ವಾರ ಡೇಟಾ ತೆಗೆದೆವು, ಗ್ರಾಫ್ ಹಾಕಿದೆವು. ಎಂಟನೇ ದಿನ ಕನೆಕ್ಟರ್ ಒರೆಸಲು ಬಿಚ್ಚಿದಾಗ ಫಿಲ್ಮ್ ಚೂರು ಕೆಳಗೆ ಬಿತ್ತು. ಹುಡುಕುವ ಮೊದಲು ಸುಮ್ನೆ ಹಾಗೇ ಜೋಡಿಸಿ, ಪಂಪ್ (ಲೇಸರಿಗೆ ಶಕ್ತಿ ತುಂಬುವ ಬೆಳಕು) ಏರಿಸಿ, ಪೋಲರೈಸೇಶನ್ ಕಂಟ್ರೋಲರ್ (ಬೆಳಕಿನ ಅಲೆ ಅಲುಗುವ ದಿಕ್ಕನ್ನು ಬದಲಿಸುವ ಸಾಧನ) ಸ್ವಲ್ಪ ತಿರುಗಿಸಿದೆ. ಪಲ್ಸ್ ಬಂತು. ಫಿಲ್ಮ್ ಮೇಜಿನ ಮೇಲೆ, ಪಲ್ಸ್ ಪರದೆ ಮೇಲೆ.

ಆ ಒಂದು ವಾರದ ಡೇಟಾ ಕಸದ ಬುಟ್ಟಿಗೆ ಹೋಯಿತು. ಆಮೇಲೆ ಲೇಸರನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಎಂಎಸ್ಸಿ ಪ್ರಾಜೆಕ್ಟ್ ಮಾಡುವವರು, ಪಿಎಚ್‌ಡಿಗೆ ಈಗ ತಾನೇ ಸೇರಿದವರು, ಬೆಂಗಳೂರಿನ ದೊಡ್ಡ ಲ್ಯಾಬ್ ಸಿಗದೆ ಚಿಕ್ಕಬಳ್ಳಾಪುರ, ಕೋಲಾರದಂಥ ಊರುಗಳ ಕಾಲೇಜಿನಲ್ಲಿ ಇದ್ದುದರಲ್ಲೇ ಮಾಡಬೇಕಾದವರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ.

ಮೊದಲು ವಿಷಯ ಏನು ಅಂತ

ನಮ್ಮ ಫಿಲ್ಮ್ ಒಂದು ಸ್ಯಾಚುರಬಲ್ ಅಬ್ಸಾರ್ಬರ್. ಹಾಗೆಂದರೆ ಮಂದ ಬೆಳಕನ್ನು ನುಂಗುವ, ಜೋರು ಬೆಳಕನ್ನು ಬಿಟ್ಟುಕೊಡುವ ಪದಾರ್ಥ. ನಮ್ಮ ಕಡೆಯ ಹೊಲ ನೋಡಿದವರಿಗೆ ಇದು ಹೊಸದೇನಲ್ಲ. ತುಂತುರು ಮಳೆ ಬಿದ್ದರೆ ಒಣಗಿದ ಕೆಮ್ಮಣ್ಣೇ ಎಲ್ಲಾ ಕುಡಿದುಬಿಡುತ್ತದೆ, ಕೆರೆಗೆ ಒಂದು ಹನಿಯೂ ಸೇರುವುದಿಲ್ಲ. ಅದೇ ಒಂದು ಗಂಟೆ ಜಡಿಮಳೆ ಹೊಡೆದರೆ ಮಣ್ಣಿನ ಹೊಟ್ಟೆ ತುಂಬಿ ಉಳಿದ ನೀರೆಲ್ಲ ಕಾಲುವೆ ಹಿಡಿದು ಕೆರೆಗೆ ಓಡುತ್ತದೆ. ಇಲ್ಲಿ ಮಣ್ಣಿನ ಜಾಗದಲ್ಲಿ ಎಲೆಕ್ಟ್ರಾನ್‌ಗಳಿವೆ. ಬೆಳಕು ಬಿದ್ದಾಗ ಅವು ಮೇಲಿನ ಮಟ್ಟಕ್ಕೆ ಹಾರುತ್ತವೆ, ಬೆಳಕು ತೀರಾ ಜೋರಾದರೆ ಹಾರುವವು ಯಾರೂ ಉಳಿದಿರುವುದಿಲ್ಲ, ಹಾಗಾಗಿ ಮಿಕ್ಕ ಬೆಳಕು ದಾಟಿ ಹೋಗುತ್ತದೆ. ಮಣ್ಣು ಒಣಗಲು ದಿನಗಟ್ಟಲೆ ಬೇಕು, ನ್ಯಾನೋಟ್ಯೂಬಿಗೆ ಪಿಕೋಸೆಕೆಂಡ್ ಲೆಕ್ಕದ ಸಮಯ ಸಾಕು. ಈ ವೇಗವೇ ನಮಗೆ ಬೇಕಾದದ್ದು.

ಲೇಸರ್ ರಿಂಗಿನ, ಅಂದರೆ ಬೆಳಕು ಸುತ್ತುವ ಫೈಬರ್ ಬಳೆಯ, ಒಳಗೆ ಬೆಳಕು ಒಂದೇ ಬಣ್ಣದಲ್ಲಿ ಇರುವುದಿಲ್ಲ. ಬಣ್ಣದಲ್ಲಿ ಕೂದಲೆಳೆಯಷ್ಟು ಬೇರೆಯಾದ ಸಾವಿರಾರು ಅಲೆಗಳು, ಅಂದರೆ ಮೋಡ್‌ಗಳು ಒಟ್ಟಿಗೆ ಓಡುತ್ತಿರುತ್ತವೆ, ಒಂದೊಂದೂ ತನ್ನ ಪಾಡಿಗೆ. ಕೋಲಾಟದಲ್ಲಿ ಪ್ರತಿಯೊಬ್ಬರೂ ತಮಗೆ ತೋಚಿದಾಗ ಕೋಲು ಹೊಡೆದರೆ ಬರೀ ಗಲಾಟೆ ಕೇಳುತ್ತದೆ, ಎಲ್ಲರೂ ಒಂದೇ ತಾಳಕ್ಕೆ ಹೊಡೆದರೆ ಒಂದೇ ಒಂದು ‘ಟಕ್’. ಆ ‘ಟಕ್’ ನಮ್ಮ ಪಲ್ಸ್. ತಾಳ ಹಾಕಿಸುವ ಮೇಷ್ಟ್ರು ಅಬ್ಸಾರ್ಬರ್. ಇದಕ್ಕೆ ಮೋಡ್‌ಲಾಕಿಂಗ್ ಎಂದು ಹೆಸರು.

ಯಾವ ಪದಾರ್ಥ ಆರಿಸಿಕೊಳ್ಳುವುದು

ಇದರ ಬಗ್ಗೆ ಜನ ತಲೆ ಕೆಡಿಸಿಕೊಳ್ಳುವುದು ಜಾಸ್ತಿ. 1992ರಲ್ಲಿ ಉರ್ಸುಲಾ ಕೆಲರ್ ತಂಡ ತೋರಿಸಿದ ಸೆಸಾಮ್ ಎಂಬ ಸೆಮಿಕಂಡಕ್ಟರ್ ಕನ್ನಡಿ ಇವತ್ತಿಗೂ ಕಾರ್ಖಾನೆ ಲೇಸರ್‌ಗಳಲ್ಲಿ ನಂಬಿಕಸ್ಥ ಎತ್ತಿನ ಹಾಗೆ ದುಡಿಯುತ್ತಿದೆ, ಆದರೆ ಅದನ್ನು ಕಾಲೇಜಿನಲ್ಲಿ ಮಾಡಲಾಗದು, ಕೊಳ್ಳಲು ದುಬಾರಿ. 2003-04ರ ಹೊತ್ತಿಗೆ ಜಪಾನಿನ ತಂಡವೊಂದು ಸಿಂಗಲ್ ವಾಲ್ ಕಾರ್ಬನ್ ನ್ಯಾನೋಟ್ಯೂಬ್ ಬಳಸಿ ಫೈಬರ್ ಲೇಸರಿನಲ್ಲಿ ಪಲ್ಸ್ ತೆಗೆಯಿತು. 2009ರಲ್ಲಿ ಗ್ರಾಫೀನ್ ಬಂತು. ಆಮೇಲೆ 2012ರಿಂದ ಟೊಪಾಲಜಿಕಲ್ ಇನ್ಸುಲೇಟರ್, 2014ರಲ್ಲಿ ಮಾಲಿಬ್ಡಿನಂ ಡೈಸಲ್ಫೈಡ್, 2015ರಲ್ಲಿ ಬ್ಲಾಕ್ ಫಾಸ್ಫರಸ್, ಹೀಗೆ ವರ್ಷಕ್ಕೊಂದು ಹೊಸ ಸೊಸೆ ಮನೆಗೆ ಬಂದ ಹಾಗೆ ಬರುತ್ತಲೇ ಇವೆ.

ಗ್ರಾಫೀನ್ ಒಳ್ಳೆಯದೇ. ಒಂದು ಪದರ ಸುಮಾರು 2.3 ಶೇಕಡಾ ಬೆಳಕನ್ನು ಹೀರುತ್ತದೆ, ಅದೂ ಬಣ್ಣ ಯಾವುದೇ ಇರಲಿ. ಆದರೆ ಒಂದು ಪದರ ಹೀರುವುದೇ ಅಷ್ಟು ಕಮ್ಮಿ ಇರುವುದರಿಂದ ಮಂದ ಬೆಳಕಿಗೂ ಜೋರು ಬೆಳಕಿಗೂ ವ್ಯತ್ಯಾಸ ಸಣ್ಣದು. ಹಲವು ಪದರ ಬೇಕು, ಅದನ್ನು ಫೈಬರ್ ತುದಿಗೆ ಕೂರಿಸುವುದು ನಾಜೂಕಿನ ಕೆಲಸ. ಬ್ಲಾಕ್ ಫಾಸ್ಫರಸ್ ಗಾಳಿ, ತೇವ ತಗುಲಿದರೆ ಕೆಡುತ್ತದೆ. ಮಾಲಿಬ್ಡಿನಂ ಡೈಸಲ್ಫೈಡಿನ ಬ್ಯಾಂಡ್‌ಗ್ಯಾಪ್ (ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಹಾರಲು ಬೇಕಾದ ಕನಿಷ್ಠ ಶಕ್ತಿ) 1.2ರಿಂದ 1.8 ಎಲೆಕ್ಟ್ರಾನ್ ವೋಲ್ಟ್, ನಮ್ಮ ಲೇಸರಿನ 1550 ನ್ಯಾನೋಮೀಟರ್ ಬೆಳಕಿನ ಶಕ್ತಿ 0.8 ಮಾತ್ರ. ಲೆಕ್ಕದ ಪ್ರಕಾರ ಅದು ಈ ಬೆಳಕನ್ನು ಹೀರಲೇಬಾರದು. ಹೀರುವುದು ಪದರದ ಅಂಚು ಮತ್ತು ದೋಷಗಳಿಂದ ಎಂದು ವಿವರಣೆ ಕೊಡುತ್ತಾರೆ. ದೋಷವನ್ನು ನಂಬಿಕೊಂಡು ಮೊದಲ ಲೇಸರ್ ಕಟ್ಟಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಮೊದಲ ಲೇಸರಿಗೆ ಸಿಂಗಲ್ ವಾಲ್ ನ್ಯಾನೋಟ್ಯೂಬ್ ಸಾಕು. ಕೊಳ್ಳುವಾಗ ಒಂದೇ ಸಂಗತಿ ಗಟ್ಟಿಯಾಗಿ ಕೇಳಿ: ವ್ಯಾಸ ಎಷ್ಟು? 1550ಕ್ಕೆ ಹೊಂದುವುದು ಸುಮಾರು 1ರಿಂದ 1.2 ನ್ಯಾನೋಮೀಟರ್ ವ್ಯಾಸದವು. ವ್ಯಾಸ ಬದಲಾದರೆ ಹೀರುವ ಬಣ್ಣವೂ ಬದಲಾಗುತ್ತದೆ. ಅಂಗಡಿಯವರು ‘ಸಾರ್, ಮಲ್ಟಿ ವಾಲ್ ತಗೊಳ್ಳಿ, ಚೀಪ್ ಇದೆ’ ಅಂದರೆ ನಮಸ್ಕಾರ ಹೇಳಿ ಬನ್ನಿ.

ಫಿಲ್ಮ್ ಮಾಡುವುದು: ಸಂಡಿಗೆ ಹಾಕಿದವರಿಗೆ ಸುಲಭ

ಎಚ್ಚರಿಕೆ ಮೊದಲು. ಒಣ ನ್ಯಾನೋಟ್ಯೂಬ್ ಪುಡಿ ಹೊಗೆಯ ಹಾಗೆ ಹಾರುತ್ತದೆ, ಶ್ವಾಸಕೋಶಕ್ಕೆ ಹೋಗಬಾರದು. ಫ್ಯಾನ್ ಆಫ್ ಮಾಡಿ, ಫ್ಯೂಮ್ ಹುಡ್ ಒಳಗೆ, ಎನ್95 ಮಾಸ್ಕ್ ಮತ್ತು ಕೈಗವಸು ಹಾಕಿಕೊಂಡು ತೂಗಿ. ಚೆಲ್ಲಿದರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಪೊರಕೆ ಹಿಡಿಯಬೇಡಿ. ಒಮ್ಮೆ ನೀರಿಗೆ ಬಿದ್ದ ಮೇಲೆ ಅರ್ಧ ಭಯ ಕಳೆದ ಹಾಗೆ.

10 ಮಿಲಿಲೀಟರ್ ಡಿಸ್ಟಿಲ್ಡ್ ವಾಟರಿಗೆ 100 ಮಿಲಿಗ್ರಾಂ ಎಸ್‌ಡಿಬಿಎಸ್ ಹಾಕಿ ಕರಗಿಸಿ. ಇದು ಒಂದು ಬಗೆಯ ಸೋಪು ಅಷ್ಟೇ. ಅದಕ್ಕೆ 2ರಿಂದ 5 ಮಿಲಿಗ್ರಾಂ ನ್ಯಾನೋಟ್ಯೂಬ್. ನ್ಯಾನೋಟ್ಯೂಬ್‌ಗಳು ಎಣ್ಣೆ ಹಚ್ಚದ ಕೂದಲಿನ ಹಾಗೆ ಒಂದಕ್ಕೊಂದು ಗಂಟು ಹಾಕಿಕೊಂಡಿರುತ್ತವೆ, ಬಿಡಿಸಲು ಟಿಪ್ ಸೋನಿಕೇಟರಿನಲ್ಲಿ (ಅಲ್ಟ್ರಾಸೌಂಡಿನಿಂದ ಅಲುಗಾಡಿಸುವ ಕಡ್ಡಿ) 1ರಿಂದ 2 ಗಂಟೆ ಓಡಿಸಿ. ಬೀಕರನ್ನು ಐಸ್ ತುಂಬಿದ ಡಬ್ಬದಲ್ಲಿ ಇಡಲೇಬೇಕು, ಇಲ್ಲದಿದ್ದರೆ ನೀರು ಕುದಿಯುವಷ್ಟು ಬಿಸಿಯಾಗುತ್ತದೆ. ನಮ್ಮಲ್ಲಿ ಐಸ್ ಮಷಿನ್ ಇಲ್ಲ. ಕಾಲೇಜಿನ ಹತ್ತಿರ ಕಬ್ಬಿನ ಹಾಲಿನ ಗಾಡಿಯವರ ಹತ್ತಿರ ಐಸ್ ಗಡ್ಡೆ ತಂದು ಕುಟ್ಟಿ ಹಾಕುತ್ತೇವೆ, ಅವರಿಗೆ ಈಗ ನಾವು ಕಾಯಂ ಗಿರಾಕಿಗಳು.

ಸೋನಿಕೇಷನ್ ಆದ ಮೇಲೆ ಸೆಂಟ್ರಿಫ್ಯೂಜ್. ನಿಮ್ಮ ಮಷಿನ್ ಎಷ್ಟು ಜೋರಾಗಿ ತಿರುಗುತ್ತದೋ ಅಷ್ಟೂ ಒಳ್ಳೆಯದು, ನಿಮಿಷಕ್ಕೆ 10,000 ಸುತ್ತು ಕನಿಷ್ಠ ಅಂದುಕೊಳ್ಳಿ, ಒಂದು ಗಂಟೆ. ಬಿಡಿಸಿಕೊಳ್ಳದ ಗಂಟುಗಳು ತಳಕ್ಕೆ ಕೂರುತ್ತವೆ. ಮೇಲಿನ ಮುಕ್ಕಾಲು ಭಾಗ ಮಾತ್ರ ಪಿಪೆಟ್‌ನಲ್ಲಿ ತೆಗೆದುಕೊಳ್ಳಿ. ತಳದ ಕಪ್ಪು ಬೇಡ. ಆಸೆಪಟ್ಟು ಅದನ್ನೂ ಸೇರಿಸಿದರೆ ಆ ಗಂಟುಗಳು ಬೆಳಕನ್ನು ಚದುರಿಸುತ್ತವೆ. ಅದು ಎಷ್ಟು ಜೋರು ಬೆಳಕು ಬಿಟ್ಟರೂ ಕಮ್ಮಿಯಾಗದ ನಷ್ಟ.

ಇನ್ನೊಂದು ಬೀಕರಿನಲ್ಲಿ ಪಿವಿಎ, ಅಂದರೆ ನೀರಿನಲ್ಲಿ ಕರಗುವ ಒಂದು ಪ್ಲಾಸ್ಟಿಕ್ ಪುಡಿ. 100 ಮಿಲಿಲೀಟರ್ ನೀರಿಗೆ 5 ಗ್ರಾಂ, 80ರಿಂದ 90 ಡಿಗ್ರಿ ಶಾಖದಲ್ಲಿ ಮ್ಯಾಗ್ನೆಟಿಕ್ ಸ್ಟಿರರ್ ಮೇಲೆ ತಿರುಗುತ್ತಿರಲಿ, ಪುಡಿಯನ್ನು ಸ್ವಲ್ಪ ಸ್ವಲ್ಪ ಉದುರಿಸಿ. ರಾಗಿ ಅಂಬಲಿ ಕಾಸುವಾಗ ಹಿಟ್ಟನ್ನು ಒಮ್ಮೆಲೇ ಸುರಿದರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ. ತಿಳಿ ಗಂಜಿಯ ಹಾಗೆ ಆದಾಗ ಇಳಿಸಿ ಪೂರ್ತಿ ಆರಿಸಿ.

ಈಗ 5 ಮಿಲಿಲೀಟರ್ ನ್ಯಾನೋಟ್ಯೂಬ್ ದ್ರಾವಣ, 5 ಮಿಲಿಲೀಟರ್ ಪಿವಿಎ ಸೇರಿಸಿ ನಿಧಾನವಾಗಿ ಕಲಕಿ. ನೊರೆ ಬರಬಾರದು. ಬಂದರೆ ರಾತ್ರಿಯಿಡೀ ಮುಚ್ಚಿಡಿ, ಗುಳ್ಳೆ ತಾನಾಗಿ ಒಡೆಯುತ್ತದೆ. 9 ಸೆಂಟಿಮೀಟರ್ ವ್ಯಾಸದ ಪೆಟ್ರಿ ಡಿಶ್‌ಗೆ ಸುರಿಯಿರಿ. ದಪ್ಪ ಎಷ್ಟು ಬರುತ್ತದೆ ಎಂದು ಮೊದಲೇ ಲೆಕ್ಕ ಹಾಕಬಹುದು: 5 ಮಿಲಿಲೀಟರಿನಲ್ಲಿ 0.25 ಗ್ರಾಂ ಪಿವಿಎ ಇದೆ, ಅದರ ಗಾತ್ರ ಸುಮಾರು 0.2 ಘನ ಸೆಂಟಿಮೀಟರ್, ಡಿಶ್ಶಿನ ವಿಸ್ತೀರ್ಣ 64 ಚದರ ಸೆಂಟಿಮೀಟರ್, ಭಾಗಿಸಿದರೆ 30 ಮೈಕ್ರಾನ್ ಚಿಲ್ಲರೆ. ಸೋಪಿನ ಪಾಲು ಸೇರಿ ಇನ್ನೊಂಚೂರು ಜಾಸ್ತಿ. ನಮಗೆ ಬೇಕಾದದ್ದೂ ಅಷ್ಟೇ.

ಒಣಗಿಸುವಾಗ ಅವಸರ ಬೇಡ. ನನ್ನ ಅಜ್ಜಿ ಸಬ್ಬಕ್ಕಿ ಸಂಡಿಗೆಯನ್ನು ಮೊದಲ ದಿನ ಕಡು ಬಿಸಿಲಿಗೆ ಇಡಲು ಬಿಡುತ್ತಿರಲಿಲ್ಲ, ಮೇಲೆ ಮಾತ್ರ ಒಣಗಿ ಸೀಳು ಬಿಡುತ್ತದೆ ಅಂತ. ಫಿಲ್ಮಿಗೂ ಅದೇ ನಿಯಮ. 30ರಿಂದ 40 ಡಿಗ್ರಿ, ಗಾಳಿ ಧೂಳು ಇಲ್ಲದ ಕಡೆ, ಮೇಲೆ ಫಿಲ್ಟರ್ ಪೇಪರ್ ಮುಚ್ಚಿ, 2ರಿಂದ 3 ದಿನ. ಡಿಶ್ ಮಟ್ಟವಾಗಿರಬೇಕು, ಸ್ಪಿರಿಟ್ ಲೆವೆಲ್ ಇಟ್ಟು ನೋಡಿ. ನಂದಿ ಬೆಟ್ಟದ ಕಡೆಯಿಂದ ಮಂಜು ಇಳಿಯುವ ಡಿಸೆಂಬರಿನಲ್ಲಿ ನಮಗೆ ಇನ್ನೂ ಎರಡು ದಿನ ಹಿಡಿಯಿತು.

ಅಂಚಿನಿಂದ ಬ್ಲೇಡ್ ತೂರಿಸಿ ಎತ್ತಿದರೆ ತಿಳಿ ಬೂದು ಬಣ್ಣದ ಹಾಳೆ ಬರಬೇಕು, ದೀಪಕ್ಕೆ ಹಿಡಿದರೆ ಕಪ್ಪು ಚುಕ್ಕೆ ಕಾಣಬಾರದು. ಜೊತೆಗೆ ನ್ಯಾನೋಟ್ಯೂಬ್ ಇಲ್ಲದ, ಬರೀ ಪಿವಿಎ ಮತ್ತು ಸೋಪಿನ ಇನ್ನೊಂದು ಫಿಲ್ಮನ್ನೂ ಅದೇ ದಿನ, ಅದೇ ದಪ್ಪಕ್ಕೆ ಮಾಡಿಡಿ. ಇದನ್ನು ನಾನು ಬೋಳು ಫಿಲ್ಮ್ ಎಂದು ಕರೆಯುತ್ತೇನೆ. ದಯವಿಟ್ಟು ಇದನ್ನು ಬಿಡಬೇಡಿ, ಮುಂದೆ ಇದರ ಮೇಲೇ ಎಲ್ಲ ನಿಂತಿದೆ.

ಸ್ಪೆಕ್ಟ್ರೋಮೀಟರ್ ಸಿಕ್ಕರೆ ಫಿಲ್ಮಿನ ಹೀರುವಿಕೆಯನ್ನು 1550ರ ಆಸುಪಾಸಿನಲ್ಲಿ ನೋಡಿ, ಅಲ್ಲೊಂದು ಉಬ್ಬು ಇರಬೇಕು. ದ್ರಾವಣವನ್ನು ಇಟ್ಟು ನೋಡಬೇಡಿ. ಆ ಭಾಗದಲ್ಲಿ ನೀರೇ ಬೆಳಕನ್ನು ಜೋರಾಗಿ ಹೀರುತ್ತದೆ, ಏನೂ ತಿಳಿಯುವುದಿಲ್ಲ.

ರಿಂಗ್ ಕಟ್ಟುವುದು

ಸಾಮಾನು: 980 ನ್ಯಾನೋಮೀಟರಿನ ಪಂಪ್ ಡಯೋಡ್, 200ರಿಂದ 300 ಮಿಲಿವ್ಯಾಟ್, ಅದರ ಡ್ರೈವರ್ ಮತ್ತು ತಂಪು ಮಾಡುವ ಕಂಟ್ರೋಲರ್. 980 ಮತ್ತು 1550 ಕೂಡಿಸುವ ಡಬ್ಲ್ಯೂಡಿಎಂ. ಪಂಪಿನ ಶಕ್ತಿ ಹೀರಿ 1550ರ ಬೆಳಕನ್ನು ಹೆಚ್ಚಿಸುವ ಎರ್ಬಿಯಂ ಫೈಬರ್ ಸುಮಾರು 1 ಮೀಟರ್, 1530 ನ್ಯಾನೋಮೀಟರಿನಲ್ಲಿ ಮೀಟರಿಗೆ 80 ಡೆಸಿಬೆಲ್ ಹೀರುವಂಥದ್ದು. ಬೆಳಕನ್ನು ಒಂದೇ ಕಡೆಗೆ ಬಿಡುವ ಐಸೊಲೇಟರ್, ಬೆಳಕನ್ನು ಹಂಚುವ 10:90 ಕಪ್ಲರ್, ಪೋಲರೈಸೇಶನ್ ಕಂಟ್ರೋಲರ್, ಮಿಕ್ಕಿದ್ದು ಮಾಮೂಲಿ ಸಿಂಗಲ್ ಮೋಡ್ ಫೈಬರ್.

ಐಸೊಲೇಟರ್ ಆರ್ಡರ್ ಮಾಡುವಾಗ ಪೋಲರೈಸೇಶನ್ ಇಂಡಿಪೆಂಡೆಂಟ್ ಎಂದೇ ಬರೆಯಿರಿ. ನಮಗೆ ಏಟು ಬಿದ್ದದ್ದು ಇಲ್ಲೇ. ಅಂಗಡಿಯವರು ಕಳಿಸಿದ್ದು ಇನ್ನೊಂದು ಬಗೆ, ನಾವು ಲೇಬಲ್ ಓದಲಿಲ್ಲ. ಆ ಬಗೆಯದು ಒಂದೇ ದಿಕ್ಕಿನ ಪೋಲರೈಸೇಶನ್ ಮಾತ್ರ ಬಿಡುತ್ತದೆ. ಫೈಬರಿನಲ್ಲಿ ಜೋರು ಬೆಳಕಿನ ಪೋಲರೈಸೇಶನ್ ಮಂದ ಬೆಳಕಿನದಕ್ಕಿಂತ ಬೇರೆ ರೀತಿ ತಿರುಗುವುದರಿಂದ, ಕಂಟ್ರೋಲರನ್ನು ಒಂದು ಕೋನಕ್ಕೆ ತಂದರೆ ಜೋರು ಬೆಳಕು ಮಾತ್ರ ಐಸೊಲೇಟರ್ ದಾಟುತ್ತದೆ, ಮಂದ ಬೆಳಕಿಗೆ ತಡೆ. ಅಂದರೆ ಯಾವ ನ್ಯಾನೋ ಪದಾರ್ಥವೂ ಇಲ್ಲದೆ ರಿಂಗೇ ಒಂದು ಸ್ಯಾಚುರಬಲ್ ಅಬ್ಸಾರ್ಬರ್ ಆಗಿಬಿಡುತ್ತದೆ. ಇದಕ್ಕೆ ಎನ್‌ಪಿಆರ್ (ನಾನ್‌ಲೀನಿಯರ್ ಪೋಲರೈಸೇಶನ್ ರೊಟೇಷನ್) ಅನ್ನುತ್ತಾರೆ. ತಾನಾಗಿ ನೋಡಿದರೆ ಒಳ್ಳೆಯ ತಂತ್ರವೇ, ಅದನ್ನೇ ಬಳಸಿ ಲೇಸರ್ ಮಾಡುವವರಿದ್ದಾರೆ. ನಮ್ಮ ಕೆಲಸಕ್ಕೆ ಮಾತ್ರ ಅದು ಕದ್ದು ಬರುವ ಬೆಕ್ಕು.

ಜೋಡಿಸುವ ಕ್ರಮ ಹೀಗೆ: ಡಬ್ಲ್ಯೂಡಿಎಂ, ಎರ್ಬಿಯಂ ಫೈಬರ್, ಐಸೊಲೇಟರ್, ಕಪ್ಲರ್, ಫಿಲ್ಮ್ ಕೂರುವ ಕನೆಕ್ಟರ್ ಜೋಡಿ, ಪೋಲರೈಸೇಶನ್ ಕಂಟ್ರೋಲರ್, ಮತ್ತೆ ಡಬ್ಲ್ಯೂಡಿಎಂ. ಕಪ್ಲರಿನ 10 ಶೇಕಡಾ ಕವಲು ಹೊರಗೆ, 90 ರಿಂಗಿಗೆ. ಒಟ್ಟು ಉದ್ದ 12 ಮೀಟರ್ ಬರುವ ಹಾಗೆ ಕಟ್ಟಿ, ಪ್ರತಿ ತುಂಡಿನ ಉದ್ದವನ್ನು ಟೇಪ್ ಹಿಡಿದು ಅಳೆದು ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಫೈಬರ್ ತುದಿಗಳನ್ನು ಬೆಸೆಯುವ ಸ್ಪ್ಲೈಸಿಂಗ್ ಮಷಿನ್ ಇಲ್ಲ ಅಂತ ಕೂರಬೇಡಿ. ಈಗ ಹೋಬಳಿ ಹೋಬಳಿಗೂ ಫೈಬರ್ ಇಂಟರ್ನೆಟ್ ಬಂದಿದೆ, ಅದನ್ನು ಎಳೆಯುವ ಹುಡುಗರ ಹತ್ತಿರ ಒಳ್ಳೆಯ ಮಷಿನ್ ಇರುತ್ತದೆ. ನಮಗೆ ಮಾಡಿಕೊಟ್ಟವರು ಒಂದು ಭಾನುವಾರ ಬೈಕಿನಲ್ಲಿ ಬಂದು ಅರ್ಧ ದಿನದಲ್ಲಿ ಎಲ್ಲ ಸ್ಪ್ಲೈಸ್ ಮುಗಿಸಿದರು, ಅವರ ಕೈಚಳಕ ನೋಡಿ ನಮಗೆ ನಾಚಿಕೆ ಆಯಿತು. ಒಂದು ವಿಷಯ ಮಾತ್ರ ಅವರಿಗೆ ಮೊದಲೇ ಹೇಳಿ: ಎರ್ಬಿಯಂ ಫೈಬರಿನ ಕೋರ್ (ಬೆಳಕು ಓಡುವ ನಡುಭಾಗ) ಸಾಮಾನ್ಯವಾಗಿ ಮಾಮೂಲಿ ಫೈಬರಿಗಿಂತ ಚಿಕ್ಕದು, ಹಾಗಾಗಿ ಮಷಿನ್ ಪರದೆ ಮೇಲೆ ತೋರಿಸುವ 0.02 ಡೆಸಿಬೆಲ್ ಅನ್ನೋ ಅಂದಾಜನ್ನು ನಂಬುವಂತಿಲ್ಲ. ಆ ಜಾಗಕ್ಕೆ ಒಂದೆರಡು ಸಲ ಹೆಚ್ಚುವರಿ ಆರ್ಕ್ ಕೊಟ್ಟರೆ ನಷ್ಟ ಇಳಿಯುತ್ತದೆ.

ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್ ಮಾಡುವ ನನ್ನ ಚಿಕ್ಕಪ್ಪ ಒಮ್ಮೆ ಲ್ಯಾಬಿಗೆ ಬಂದಿದ್ದರು. ಬೋಳಿಸಿದ ಫೈಬರ್ ತುಂಡನ್ನು ಬೆಳಕಿಗೆ ಹಿಡಿದು, ‘ಇದೇನೋ, ನಮ್ಮ ಎಳೆಗಿಂತ ಎಷ್ಟೋ ದಪ್ಪ ಇದೆ, ಇದಕ್ಕಾ ಇಷ್ಟು ಒದ್ದಾಡೋದು’ ಅಂದರು. ನಿಜ, ಗಾಜಿನ ಹೊರ ವ್ಯಾಸ 125 ಮೈಕ್ರಾನ್, ಗೂಡಿನ ಒಂಟಿ ಎಳೆ ಅದರ ಹತ್ತಿರವೂ ಬರುವುದಿಲ್ಲ. ಎನ್‌ಪಿಆರ್ ಗೋಳು ಹೇಳಿಕೊಂಡೆ. ‘ನೂಲು ಕೆಟ್ಟರೆ ನಾವು ಬಾಣಲೆಯಿಂದ ಒಂದೊಂದೇ ಗೂಡು ತೆಗೆದು ನೋಡ್ತೀವಪ್ಪ. ನೀವು ಎಲ್ಲಾ ಒಟ್ಟಿಗೆ ಹಾಕಿ ಯಾವುದು ಅಂತ ಕೇಳಿದ್ರೆ ಹೆಂಗೆ?’ ಅಂದರು. ಮುಂದಿನ ಹಂತ ಅವರ ಮಾತಿನಿಂದ ಬಂದದ್ದು.

ಫಿಲ್ಮ್ ಇಲ್ಲದೆ ಒಂದು ದಿನ

ಫಿಲ್ಮ್ ಸಿದ್ಧವಿದ್ದರೂ ಮೊದಲ ದಿನ ಹಾಕಬೇಡಿ. ಕನೆಕ್ಟರ್ ಜೋಡಿಯನ್ನು ಹಾಗೇ ಕೂಡಿಸಿ.

ಕಣ್ಣಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. 980 ಆಗಲಿ 1550 ಆಗಲಿ ಕಣ್ಣಿಗೆ ಕಾಣುವುದಿಲ್ಲ. ಕಾಣುವುದಿಲ್ಲ ಅಂದರೆ ಕಣ್ಣು ಮಿಟುಕಿಸುವ ರಕ್ಷಣೆಯೂ ಇಲ್ಲ, 980 ನೇರ ರೆಟಿನಾ ಸುಡುತ್ತದೆ. 300 ಮಿಲಿವ್ಯಾಟ್ ಅಂದರೆ 3ಬಿ ದರ್ಜೆ. ಆ ತರಂಗಾಂತರಕ್ಕೆ ಸರಿಯಾದ ಕನ್ನಡಕ ಹಾಕಿ, ಯಾವ ಕನೆಕ್ಟರ್ ಬಿಚ್ಚುವುದಿದ್ದರೂ ಮೊದಲು ಪಂಪ್ ಆಫ್. ಮೈಕ್ರೋಸ್ಕೋಪಿನಲ್ಲಿ ತುದಿ ನೋಡುವ ಮೊದಲು ಇನ್ನೊಮ್ಮೆ ಆಫ್ ಆಗಿದೆಯಾ ನೋಡಿ. ಬೆಸ್ಕಾಂ ಕರೆಂಟ್ ಹೋಗಿ ಬಂದಾಗ ಡ್ರೈವರ್ ತಾನಾಗಿ ಹಳೆಯ ಮಟ್ಟಕ್ಕೆ ಏರದ ಹಾಗೆ ಸೆಟ್ ಮಾಡಿ, ಯುಪಿಎಸ್ ಮೇಲೆ ಇಡಿ. ಕರೆಂಟಿನ ಒಂದು ಜೋರು ಏಟು ಸಾಕು ಡಯೋಡ್ ಸಾಯಲು.

ಪಂಪನ್ನು ನಿಧಾನಕ್ಕೆ ಏರಿಸಿ. ಕೆಲವು ಹತ್ತು ಮಿಲಿವ್ಯಾಟ್ ದಾಟುವಾಗ ಪವರ್ ಮೀಟರ್ ಥಟ್ಟನೆ ಏಳುತ್ತದೆ, ಲೇಸರ್ ಶುರುವಾಯಿತು. ಈಗ ಪಂಪಿನ ಪ್ರತಿ ಮಟ್ಟದಲ್ಲೂ ಪೋಲರೈಸೇಶನ್ ಕಂಟ್ರೋಲರಿನ ಎಲ್ಲ ಪ್ಯಾಡಲ್‌ಗಳನ್ನು ಪೂರ್ತಿ ತಿರುಗಿಸಿ ನೋಡಿ. ಬೇಜಾರಿನ ಕೆಲಸ, ಒಂದು ಮಧ್ಯಾಹ್ನ ಪೂರಾ ಬೇಕು. ಸ್ಕೋಪಿನಲ್ಲಿ ಗೆರೆ ಸಮತಟ್ಟಾಗಿಯೇ ಇದ್ದರೆ ನೀವು ಗೆದ್ದಿರಿ. ಎಲ್ಲಾದರೂ ಪಲ್ಸ್ ಸಾಲು ಎದ್ದರೆ ರಿಂಗಿನಲ್ಲಿ ಪೋಲರೈಸೇಶನ್ ಆರಿಸುವ ಭಾಗ ಯಾವುದೋ ಇದೆ. ಐಸೊಲೇಟರ್ ಮೊದಲ ಆರೋಪಿ, ಆಮೇಲೆ ಕಪ್ಲರ್, ಡಬ್ಲ್ಯೂಡಿಎಂ. ಬದಲಾಯಿಸಿ ಮತ್ತೆ ನೋಡಿ.

ಎರಡನೇ ಸುತ್ತಿನಲ್ಲಿ ಬೋಳು ಫಿಲ್ಮ್ ಹಾಕಿ ಇದನ್ನೇ ಮಾಡಿ. ಬೋಳು ಫಿಲ್ಮೂ ಸ್ವಲ್ಪ ಬೆಳಕು ತಿನ್ನುತ್ತದೆ, ಕನೆಕ್ಟರ್‌ಗಳ ನಡುವೆ ಸಂದು ಮಾಡುತ್ತದೆ. ಆ ಪ್ರಭಾವ ಬೇರೆ, ನ್ಯಾನೋಟ್ಯೂಬಿನದು ಬೇರೆ.

ಈಗ ಫಿಲ್ಮ್

1 ಮಿಲಿಮೀಟರ್ ಚೌಕ ಸಾಕು. ಹೊಸ ಬ್ಲೇಡಿನಲ್ಲಿ ಕತ್ತರಿಸಿ, ಚೂಪು ಚಿಮಟದಲ್ಲಿ ಹಿಡಿದು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಒಣಗಿಸಿದ ಸೆರಾಮಿಕ್ ತುದಿಯ ನಟ್ಟನಡುವೆ ಕೂರಿಸಿ. ಕೋರ್ ಇರುವುದು ನಡುವೆ, 8ರಿಂದ 9 ಮೈಕ್ರಾನ್ ಅಗಲ ಅಷ್ಟೇ. ಆಲ್ಕೋಹಾಲ್ ಹಸಿ ಇರುವಾಗ ಇಟ್ಟರೆ ಫಿಲ್ಮ್ ಸುಕ್ಕಾಗುತ್ತದೆ. ಫ್ಯಾನ್ ಆಫ್ ಮಾಡಿ ಅಂತ ಮತ್ತೊಮ್ಮೆ ಹೇಳಬೇಕಾ? ನಮ್ಮ ಎಷ್ಟೋ ಚೂರುಗಳು ನೆಲದ ಮೇಲೆ ಎಲ್ಲೋ ಇವೆ. ಅಡಾಪ್ಟರಿನ ಇನ್ನೊಂದು ಬದಿಯಿಂದ ಎರಡನೇ ಕನೆಕ್ಟರ್ ತೂರಿಸಿ, ಕೈಬಿಗಿಗೆ ನಿಲ್ಲಿಸಿ. ಸಂದು ತುಂಬುವ ಇಂಡೆಕ್ಸ್ ಜೆಲ್ ಹಾಕಲು ಕೆಲವರು ಹೇಳುತ್ತಾರೆ, ನಾನು ಹಾಕುವುದಿಲ್ಲ, ಬಿಸಿಗೆ ಅದೇ ಮೊದಲು ಸುಡುತ್ತದೆ.

ಮಂದ ಬೆಳಕಿನಲ್ಲಿ ನಷ್ಟ ಅಳೆಯಿರಿ. 2ರಿಂದ 3 ಡೆಸಿಬೆಲ್ ಇದ್ದರೆ ಚೆನ್ನ. 6 ಇದ್ದರೆ ಫಿಲ್ಮ್ ದಪ್ಪ ಅಥವಾ ಕೊಳೆ.

ಪಂಪ್ ಏರಿಸಿ. ಮೊದಲು ಕಾಣುವುದು ಹೆಚ್ಚಾಗಿ ಕ್ಯೂಸ್ವಿಚಿಂಗ್. ಎರ್ಬಿಯಂ ಶಕ್ತಿಯನ್ನು 10 ಮಿಲಿಸೆಕೆಂಡಿನಷ್ಟು ಹಿಡಿದಿಟ್ಟುಕೊಳ್ಳಬಲ್ಲದು, ಹಾಗಾಗಿ ತುಂಬಿಸಿ ಸುರಿಯುವ ಚಾಳಿ ಅದಕ್ಕಿದೆ. ಸ್ಕೋಪಿನಲ್ಲಿ ಮೈಕ್ರೋಸೆಕೆಂಡ್ ಅಗಲದ ದಪ್ಪ ಪಲ್ಸ್, ಸೆಕೆಂಡಿಗೆ ಕೆಲವು ಹತ್ತು ಸಾವಿರ. ಇಲ್ಲೇ ಹೊಸಬರು ಮೋಸ ಹೋಗುವುದು. ಗುರುತು ಸುಲಭ: ಪಂಪ್ ಏರಿಸಿದಾಗ ಪಲ್ಸ್‌ಗಳ ಸಂಖ್ಯೆ ಹೆಚ್ಚಾದರೆ ಅದು ಕ್ಯೂಸ್ವಿಚಿಂಗ್. ಮೋಡ್‌ಲಾಕಿಂಗಿನಲ್ಲಿ ಸಂಖ್ಯೆ ಬದಲಾಗುವುದಿಲ್ಲ, ಏಕೆಂದರೆ ಅದನ್ನು ತೀರ್ಮಾನಿಸುವುದು ರಿಂಗಿನ ಉದ್ದ. ಬೆಳಕಿನ ವೇಗವನ್ನು 1.468 (ಫೈಬರಿನ ವಕ್ರೀಭವನ ಸೂಚ್ಯಂಕ) ಮತ್ತು 12 ಮೀಟರಿನ ಗುಣಲಬ್ಧದಿಂದ ಭಾಗಿಸಿ, ಸೆಕೆಂಡಿಗೆ 1.7 ಕೋಟಿ ಸಲ, ಅಂದರೆ 17 ಮೆಗಾಹರ್ಟ್ಸ್ ಬರುತ್ತದೆ. ಪಲ್ಸಿನಿಂದ ಪಲ್ಸಿಗೆ 59 ನ್ಯಾನೋಸೆಕೆಂಡ್. ಟೇಪ್ ಹಿಡಿದು ಅಳೆದು ಬರೆದಿಡಿ ಎಂದಿದ್ದು ಇದಕ್ಕೇ.

ಪಂಪ್ ಇನ್ನೂ ಏರಿಸಿ ಪ್ಯಾಡಲ್ ಸಣ್ಣಗೆ ಸರಿಸಿ. ಒಂದು ಹಂತದಲ್ಲಿ ದಪ್ಪ ಪಲ್ಸ್‌ಗಳು ಮಾಯವಾಗಿ ಒಂದೇ ಎತ್ತರದ ಸೂಜಿಗಳು ನಿಲ್ಲುತ್ತವೆ. ಒಮ್ಮೆ ಹಿಡಿದ ಮೇಲೆ ಪಂಪ್ ಸ್ವಲ್ಪ ಇಳಿಸಿದರೂ ಅದು ಬಿಡುವುದಿಲ್ಲ, ಹಿಡಿಯಲು ಬೇಕಾದಷ್ಟು ಶಕ್ತಿ ಉಳಿಯಲು ಬೇಡ. ಇಳಿಸಿಯೇ ಓಡಿಸಿ, ಫಿಲ್ಮಿಗೆ ಒಳ್ಳೆಯದು. ಜಾಸ್ತಿ ಏರಿಸಿದರೆ ಒಂದು ಪಲ್ಸ್ ಎರಡಾಗಿ, ಮೂರಾಗಿ ಒಡೆಯುತ್ತದೆ.

ನಿಜವಾಗಿ ಫೆಮ್ಟೊಸೆಕೆಂಡಾ?

ಪಲ್ಸಿನ ಅಗಲ ಫೆಮ್ಟೊಸೆಕೆಂಡ್ (ಪಿಕೋಸೆಕೆಂಡಿನ ಸಾವಿರದಲ್ಲೊಂದು ಭಾಗ) ಲೆಕ್ಕದಲ್ಲಿದೆಯೇ ಎಂದು ಸ್ಕೋಪ್ ಹೇಳಲಾರದು. ಅದರ ಕಣ್ಣಿಗೆ ನ್ಯಾನೋಸೆಕೆಂಡೇ ಕೊನೆ. ಇದಕ್ಕೆ ಆಪ್ಟಿಕಲ್ ಸ್ಪೆಕ್ಟ್ರಮ್ ಅನಲೈಸರ್ ಬೇಕು, ನಮ್ಮಲ್ಲಿ ಇರಲಿಲ್ಲ, ಬೆಂಗಳೂರಿಗೆ 60 ಕಿಲೋಮೀಟರ್ ಲೇಸರನ್ನು ಟಿಫಿನ್ ಕ್ಯಾರಿಯರ್ ಹಾಗೆ ತೊಡೆ ಮೇಲಿಟ್ಟುಕೊಂಡು ಹೋದೆವು. ರಿಂಗನ್ನು ಒಂದು ಹಲಗೆಗೆ ಟೇಪ್ ಹಾಕಿ ಅಂಟಿಸಿದ್ದರೆ ಪ್ರಯಾಣದಲ್ಲಿ ಅಲುಗಾಡುವುದಿಲ್ಲ. ಆದರೂ ಅಲ್ಲಿ ಹೋದ ಮೇಲೆ ಪ್ಯಾಡಲ್ ಮತ್ತೆ ಹೊಂದಿಸಬೇಕಾಗುತ್ತದೆ.

ಸ್ಪೆಕ್ಟ್ರಮ್ ಗುಡ್ಡದ ಹಾಗೆ ಅಗಲವಾಗಿ, ಎರಡೂ ಬದಿಗೆ ಚೂಪು ಮುಳ್ಳುಗಳೊಂದಿಗೆ ಬರಬೇಕು. ಆ ಮುಳ್ಳುಗಳಿಗೆ ಕೆಲ್ಲಿ ಸೈಡ್‌ಬ್ಯಾಂಡ್ ಎಂದು ಹೆಸರು. ಪಲ್ಸ್ ರಿಂಗಿನಲ್ಲಿ ಸುತ್ತುವಾಗ ಪ್ರತಿ ಸುತ್ತಿನಲ್ಲೂ ಏರಿಳಿತ ಕಂಡು ಸ್ವಲ್ಪ ಬೆಳಕನ್ನು ಚೆಲ್ಲುತ್ತದೆ, ಆ ಚೆಲ್ಲಿದ ಬೆಳಕು ಕೆಲವು ಬಣ್ಣಗಳಲ್ಲಿ ಮಾತ್ರ ಕೂಡಿಕೊಂಡು ಬೆಳೆಯುತ್ತದೆ. ಮುಳ್ಳು ಕಂಡರೆ ಸಾಲಿಟಾನ್, ಅಂದರೆ ಆಕಾರ ಕೆಡದೆ ಓಡುವ ಪಲ್ಸ್, ಆಗಿದೆ ಎಂದು ಧೈರ್ಯ ತಂದುಕೊಳ್ಳಬಹುದು.

ಗುಡ್ಡದ ಅಗಲ ಅರ್ಧ ಎತ್ತರದಲ್ಲಿ 5 ನ್ಯಾನೋಮೀಟರ್, ನಡು 1560 ಎಂದುಕೊಳ್ಳಿ. ಆವರ್ತನಕ್ಕೆ ಬದಲಾಯಿಸಿದರೆ 0.616 ಟೆರಾಹರ್ಟ್ಸ್. ಸಾಲಿಟಾನ್ ಆಕಾರಕ್ಕೆ ಹೊಂದುವ 0.315 ಅನ್ನು ಇದರಿಂದ ಭಾಗಿಸಿದರೆ 0.51 ಪಿಕೋಸೆಕೆಂಡ್, ಅಂದರೆ 510 ಫೆಮ್ಟೊಸೆಕೆಂಡ್. ಇದು ಆ ಅಗಲಕ್ಕೆ ಸಾಧ್ಯವಿರುವ ಅತಿ ಚಿಕ್ಕ ಪಲ್ಸ್. ಅಷ್ಟು ಅಗಲದಲ್ಲಿ 17 ಮೆಗಾಹರ್ಟ್ಸ್ ಅಂತರದ ಮೋಡ್‌ಗಳು 36 ಸಾವಿರ ಇವೆ, ಅಷ್ಟೂ ಒಂದೇ ತಾಳಕ್ಕೆ ಕೋಲು ಹೊಡೆಯುತ್ತಿವೆ! ಪಲ್ಸನ್ನು ಅದರದೇ ನಕಲಿನ ಜೊತೆ ಹೋಲಿಸಿ ಅಳೆಯುವ ಆಟೋಕೊರಿಲೇಟರಿನಲ್ಲಿ ಅಗಲ 790 ಫೆಮ್ಟೊಸೆಕೆಂಡ್ ಹತ್ತಿರ ಬಂದರೆ ಸರಿ ಹೊಂದುತ್ತದೆ, ಅದನ್ನು 1.54ರಿಂದ ಭಾಗಿಸಬೇಕು. ಅಗಲ ದಿಬ್ಬದ ಮೇಲೆ ಸಣ್ಣ ಸೂಜಿ ನಿಂತ ಹಾಗೆ ಕಂಡರೆ ಅದು ಗದ್ದಲದ ಗೊಂಚಲು, ಒಂಟಿ ಪಲ್ಸ್ ಅಲ್ಲ. ಆರ್‌ಎಫ್ ಅನಲೈಸರಿನಲ್ಲಿ (ಪಲ್ಸ್ ಬಡಿತದ ಆವರ್ತನ ತೋರಿಸುವ ಉಪಕರಣ) 17 ಮೆಗಾಹರ್ಟ್ಸ್ ಮೊನೆ ಗದ್ದಲದ ಮೇಲೆ 60 ಡೆಸಿಬೆಲ್ ಎದ್ದು ನಿಂತಿರಲಿ.

ಹೊರಗೆ ಬರುವುದು ಸರಾಸರಿ 1 ಮಿಲಿವ್ಯಾಟ್ ಇದ್ದರೂ ಒಂದು ಪಲ್ಸಿನ ತುದಿಯಲ್ಲಿ ಸುಮಾರು 100 ವ್ಯಾಟ್ ಇರುತ್ತದೆ. ರಿಂಗಿನ ಒಳಗೆ, ಕಪ್ಲರಿನ ಮುಂಚೆ, ಅದರ ಹತ್ತರಷ್ಟು. ಅದರ ಬಹುಪಾಲು ಫಿಲ್ಮಿನ 85 ಚದರ ಮೈಕ್ರಾನ್ ಜಾಗಕ್ಕೆ ಬೀಳುತ್ತದೆ. ಫಿಲ್ಮ್ ಹೀರಿ ಹೀರಿ ಸೋತು ದಾರಿ ಬಿಡುವುದು ಹೀಗೆ, ಸುಡುವುದೂ ಹೀಗೇ.

ಕೆಟ್ಟರೆ

ಪಿವಿಎ 85 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗಲು ಶುರುವಾಗುತ್ತದೆ. ಒಂದು ದಿನ ಚೆನ್ನಾಗಿ ಓಡಿ ಮಾರನೇ ದಿನ ಹಿಡಿಯದಿದ್ದರೆ ಪಂಪ್ ಆಫ್ ಮಾಡಿ ಕನೆಕ್ಟರ್ ಬಿಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಿ, ನಡುವೆ ಕಂದು ಚುಕ್ಕೆ ಅಥವಾ ತೂತು ಇರುತ್ತದೆ. ಚೂರು ಬದಲಾಯಿಸಿ, ಸೆರಾಮಿಕ್ ತುದಿಗೆ ಅಂಟಿದ ಕರಿ ಒರೆಸಿ. ಒರೆಸಿದರೂ ಹೋಗದಿದ್ದರೆ ಆ ಕನೆಕ್ಟರ್ ಕತೆ ಮುಗಿಯಿತು, ಕತ್ತರಿಸಿ ಹೊಸದು ಸ್ಪ್ಲೈಸ್ ಮಾಡಿಸಿ. ಹೆಚ್ಚು ಶಕ್ತಿ ಬೇಕೇ ಬೇಕು ಅನ್ನುವವರು ಫೈಬರಿನ ಒಂದು ಬದಿಯನ್ನು ಉಜ್ಜಿ ಚಪ್ಪಟೆ ಮಾಡಿ, ಅಥವಾ ಬಿಸಿಯಲ್ಲಿ ಎಳೆದು ಸಣ್ಣ ಮಾಡಿ, ಅದರ ಪಕ್ಕಕ್ಕೆ ನ್ಯಾನೋಟ್ಯೂಬ್ ಹಚ್ಚುತ್ತಾರೆ. ಆಗ ಬೆಳಕಿನ ಅಂಚು ಮಾತ್ರ ಪದಾರ್ಥಕ್ಕೆ ಸವರಿಕೊಂಡು ಹೋಗುತ್ತದೆ, ಬಿಸಿ ಉದ್ದಕ್ಕೆ ಹಂಚಿಹೋಗುತ್ತದೆ. ಎರಡನೇ ಲೇಸರಿಗೆ ಇಟ್ಟುಕೊಳ್ಳಿ.

ಪಿವಿಎ ತೇವ ಕುಡಿಯುತ್ತದೆ. ಉಳಿದ ಫಿಲ್ಮನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಕವರಿನಲ್ಲಿ ಹಾಕಿ, ಮೇಲೆ ತಾರೀಖು, ಯಾವ ಬ್ಯಾಚು, ನಷ್ಟ ಎಷ್ಟು ಡೆಸಿಬೆಲ್ ಬರೆದಿಡಿ. ಬೋಳು ಫಿಲ್ಮಿಗೆ ಬೇರೆ ಕವರ್, ದೊಡ್ಡ ಅಕ್ಷರದಲ್ಲಿ ‘ಬೋಳು’ ಅಂತ. ನಮ್ಮ ಜೂನಿಯರ್ ಒಬ್ಬಳು ಎರಡನ್ನೂ ಒಂದೇ ಕವರಿಗೆ ಹಾಕಿ ಊರಿಗೆ ಹೋದಳು. ಪುಣ್ಯಕ್ಕೆ ಒಂದು ಬೂದು, ಒಂದು ಬಿಳಿ.